ಸಮುದ್ರದಡಿಯ ಭೂಕಂಪಕ್ಕೆ ಪದೇ ಪದೇ "10 ಕಿ.ಮೀ. ಆಳ" ಅಂತ ಬರುವುದು ಯಾಕೆ?

ನೀವು ಎರಡು ವಿಷಯ ಕೇಳಿದ್ದೀರಿ. ನಡುಸಮುದ್ರದ ಭೂಕಂಪ ಆದ ಜಾಗ ಎಷ್ಟು ಸರಿಯಾಗಿ ಗೊತ್ತಾಗುತ್ತದೆ? ಸುದ್ದಿಯಲ್ಲಿ ಆಳ ಮಾತ್ರ 10 ಕಿ.ಮೀ. ಅಂತಲೇ ಯಾಕೆ ಇರುತ್ತದೆ? ಎರಡನೆಯದನ್ನೇ ಮೊದಲು ಹೇಳಿಬಿಡುತ್ತೇನೆ. ಆ 10 ಎಷ್ಟೋ ಸಲ ಅಳೆದ ಸಂಖ್ಯೆಯೇ ಅಲ್ಲ. ಆಳ ಲೆಕ್ಕಕ್ಕೆ ಸಿಗದಿದ್ದಾಗ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಅದನ್ನು 10 ಅಂತ ಇಟ್ಟುಕೊಂಡು ಉಳಿದದ್ದನ್ನು ಲೆಕ್ಕ ಹಾಕುತ್ತದೆ. ಹಿಂದೆಲ್ಲ 33 ಅಂತ ಇಡುತ್ತಿದ್ದರು. ಭೂಕಂಪದ ದಾಖಲೆ ಓದುವುದೇ ನನ್ನ ಕೆಲಸ. ಆಳದಷ್ಟು ಸತಾಯಿಸುವ ಸಂಖ್ಯೆ ಇದರಲ್ಲಿ ಬೇರೆ ಇಲ್ಲ.

ಭೂಕಂಪದಿಂದ ಹೊರಟ ಅಲೆಗಳಲ್ಲಿ ಭೂಕಂಪಮಾಪಕಕ್ಕೆ ಮೊದಲು ಮುಟ್ಟುವುದು ವೇಗವಾಗಿ ಓಡುವ ಪಿ ಅಲೆ, ಆಮೇಲೆ ನಿಧಾನದ ಎಸ್ ಅಲೆ. ಇವೆರಡರ ನಡುವಿನ ಒಂದೊಂದು ಸೆಕೆಂಡಿಗೂ ಸುಮಾರು 8 ಕಿ.ಮೀ. ದೂರ ಅಂತ ಲೆಕ್ಕ. ಸುತ್ತಲೂ ಮಾಪಕಗಳಿದ್ದರೆ ಜಾಗ ಸುಲಭವಾಗಿ ಸಿಗುತ್ತದೆ. ಆದರೆ ಸಮುದ್ರದ ಭೂಕಂಪಕ್ಕೆ ಮಾಪಕಗಳೆಲ್ಲ ಕರಾವಳಿಯ ಒಂದೇ ಬದಿಯಲ್ಲಿ ಇರುತ್ತವೆ, ಅದೂ ದೂರದಲ್ಲಿ.

ಒಂದು ಲೆಕ್ಕ ನೋಡಿ. ಮಾಪಕ 150 ಕಿ.ಮೀ. ದೂರದಲ್ಲಿದೆ. ಭೂಕಂಪ 10 ಕಿ.ಮೀ. ಆಳದಲ್ಲಿ ಆದರೆ ಅಲೆ ನೇರವಾಗಿ ಬರುವ ದಾರಿ 150.3 ಕಿ.ಮೀ., 30 ಕಿ.ಮೀ. ಆಳದಲ್ಲಿ ಆದರೆ 153 ಕಿ.ಮೀ. ಪಿ ಅಲೆ ಸೆಕೆಂಡಿಗೆ 6 ಕಿ.ಮೀ. ಓಡಿದರೆ ವ್ಯತ್ಯಾಸ ಅರ್ಧ ಸೆಕೆಂಡೂ ಇಲ್ಲ! ಭೂಕಂಪ ಶುರುವಾದ ಗಳಿಗೆಯನ್ನು ಅಷ್ಟು ಹಿಂದೆ ಮುಂದೆ ಮಾಡಿದರೆ ಸಾಕು, ಎರಡು ಆಳವೂ ಸರಿ ಅಂತ ಕಾಣುತ್ತದೆ.

ಅದಕ್ಕೇ ಮಾಪಕವನ್ನು ಸಮುದ್ರದ ತಳಕ್ಕೇ ಇಳಿಸಬೇಕು. ಹಡಗಿನಿಂದ ಭಾರ ಕಟ್ಟಿ ಬಿಡುತ್ತಾರೆ, ಅದು ತಾನೇ ಮುಳುಗುತ್ತದೆ. ಮುಳುಗುವಾಗ ನೀರಿನ ಸೆಳೆತಕ್ಕೆ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಹಡಗು ಮೇಲೆ ಸುತ್ತು ಹಾಕುತ್ತಾ ಶಬ್ದದ ಸಂಕೇತ ಕಳಿಸಿ, ಅದು ಕೂತ ಜಾಗವನ್ನು ಹುಡುಕುತ್ತದೆ. ದೊಡ್ಡ ತಲೆನೋವು ಗಡಿಯಾರದ್ದು. ಗಡಿಯಾರ ಸರಿ ಮಾಡಿಕೊಳ್ಳಲು ಬೇಕಾದ ಜಿಪಿಎಸ್ ಸಂಕೇತ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ದಿನಕ್ಕೆ 1 ಮಿಲಿಸೆಕೆಂಡ್ ತಪ್ಪಿದರೂ ವರ್ಷಕ್ಕೆ 0.36 ಸೆಕೆಂಡ್ ಆಯಿತು, ಅಂದರೆ ಪಿ ಅಲೆಯ ದೂರದ ಲೆಕ್ಕದಲ್ಲಿ 2 ಕಿ.ಮೀ.ಗೂ ಜಾಸ್ತಿ ತಪ್ಪು. ಇಳಿಸುವ ಮುಂಚೆ ಒಮ್ಮೆ, ಮೇಲೆತ್ತಿದ ಮೇಲೆ ಒಮ್ಮೆ ಜಿಪಿಎಸ್ ಜೊತೆ ಹೋಲಿಸಿ ನಡುವಿನ ತಪ್ಪನ್ನು ಹಂಚುತ್ತಾರೆ. ಇಷ್ಟೆಲ್ಲ ಮಾಡಿದರೂ ತಳದ ಮೆತ್ತನೆಯ ಕೆಸರು ಎಸ್ ಅಲೆಯನ್ನು ತಡ ಮಾಡಿಸುತ್ತದೆ. ಒಂದೊಂದು ಮಾಪಕದ ಕೆಳಗೂ ಕೆಸರು ಎಷ್ಟು ದಪ್ಪ ಇದೆ ಅಂತ ನೋಡಿ ಆ ತಡವನ್ನು ಕಳೆಯದೇ ಹೋದರೆ ಆಳ ಮತ್ತೆ ತಪ್ಪುತ್ತದೆ.

ದೂರದ ಮಾಪಕಗಳಿಂದಲೂ ಒಂದು ದಾರಿ ಇದೆ. ಭೂಕಂಪದಿಂದ ಮೇಲಕ್ಕೆ ಹೋದ ಅಲೆ ಸಮುದ್ರದ ತಳಕ್ಕೆ ತಾಗಿ ವಾಪಸ್ ಬರುತ್ತದೆ. ನೇರವಾಗಿ ಬಂದ ಪಿ ಅಲೆಗಿಂತ ಇದು ಎಷ್ಟು ತಡ ಅಂತ ನೋಡಿದರೆ ಆಳ ಸಿಗುತ್ತದೆ. ಆದರೆ ಅಲೆಯ ಒಂದು ಪಾಲು ನೀರಿನೊಳಗೂ ನುಗ್ಗಿ, ಸಮುದ್ರದ ಮೇಲ್ಮೈಗೆ ತಾಗಿ ಬರುತ್ತದೆ. ನೀರು 6 ಕಿ.ಮೀ. ಆಳ ಇದ್ದರೆ, ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ 1.5 ಕಿ.ಮೀ. ಆದ್ದರಿಂದ, ಇದು ಇನ್ನೂ 8 ಸೆಕೆಂಡ್ ತಡ. ತಳದಿಂದ ಬಂದದ್ದು ಮಂಕಾಗಿದ್ದಾಗ ಇದನ್ನೇ ಅದು ಅಂದುಕೊಂಡರೆ ಆಳ ಇಪ್ಪತ್ತೈದು ಮೂವತ್ತು ಕಿ.ಮೀ. ಹೆಚ್ಚಾಗಿಬಿಡುತ್ತದೆ.

ಇಷ್ಟು ಕಷ್ಟಪಡುವುದು ಸುಮ್ನೆ ಅಲ್ಲ. ಜಪಾನಿನಲ್ಲಿ 2011ರ ಮಾರ್ಚ್ 11ರ ಭೂಕಂಪ ಆದದ್ದು ಭೂಮಿಯ ಹೊರಚಿಪ್ಪಿನ ಎರಡು ಪದರಗಳು (ಪ್ಲೇಟ್‌ಗಳು) ಉಜ್ಜುವ ಗಡಿಯಲ್ಲಿ. ಅದೇ ಕಡಲಿನಲ್ಲಿ 1933ರಲ್ಲಿ ಜಪಾನಿನ ಈಶಾನ್ಯದ ಸಾನ್ರಿಕು ತೀರವನ್ನು ಸುನಾಮಿಗೆ ಒಡ್ಡಿದ ಭೂಕಂಪ ಆದದ್ದು, ಒಂದು ಪದರ ಇನ್ನೊಂದರ ಕೆಳಗೆ ಇಳಿಯುವ ಕಡಲತಳದ ಕಂದಕದ ಆಚೆ, ಇನ್ನೂ ಕೆಳಗಿಳಿಯದ ಪೆಸಿಫಿಕ್ ಪದರದೊಳಗೆ. ಬಿರುಕು ಬೇರೆ, ಅಪಾಯದ ಲೆಕ್ಕವೂ ಬೇರೆ. ಜಾಗ, ಆಳ ಸರಿ ಇಲ್ಲದಿದ್ದರೆ ಯಾವ ಬಿರುಕು ಅಂತ ಹೇಳಲು ಆಗುವುದಿಲ್ಲ, ಅಲ್ವಾ?

2011ರ ನಂತರ ಜಪಾನ್ ಆ ಕಂದಕದ ಉದ್ದಕ್ಕೂ ಎಸ್-ನೆಟ್ ಅನ್ನುವ ಸಮುದ್ರತಳದ ಮಾಪಕಗಳ ಜಾಲ ಹಾಕಿತು. ಸುಮಾರು 5,500 ಕಿ.ಮೀ. ಕೇಬಲ್, 150 ಮಾಪಕ ಕೇಂದ್ರಗಳು. ಕರೆಂಟು, ಸರಿಯಾದ ಸಮಯ ಎರಡೂ ದಡದಿಂದಲೇ ಸಿಗುವುದರಿಂದ ಗಡಿಯಾರದ ಗೋಳಿಲ್ಲ. ನನ್ನ ಪ್ರಕಾರ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಖರ್ಚು ಎಷ್ಟೇ ಆಗಲಿ.

ಇಂಥ ಕೇಬಲ್ ಇಲ್ಲದ ಕಡಲಿನಿಂದ "10 ಕಿ.ಮೀ." ಅಂತ ಸುದ್ದಿ ಬಂದರೆ, ಕೆಲವು ಗಂಟೆ ಬಿಟ್ಟು ಯುಎಸ್‌ಜಿಎಸ್ ಪುಟ ಮತ್ತೆ ತೆರೆದು ನೋಡಿ. ಹೆಚ್ಚು ಮಾಪಕಗಳ ದಾಖಲೆ ಸೇರಿದ ಮೇಲೆ ಆ ಸಂಖ್ಯೆ ಎಷ್ಟೋ ಸಲ ಬದಲಾಗಿರುತ್ತದೆ.