ಸ್ವಚ್ಛತೆಯಲ್ಲಿ ಮೊದಲಿದ್ದ ಮೈಸೂರು ವಿದೇಶಿ ಹೂಡಿಕೆಯ ಶ್ರೇಯಾಂಕದಲ್ಲಿ ಏಕೆ ಮುಂದಿಲ್ಲ?
ಎರಡೂ ಪಟ್ಟಿಗಳು ಅಳೆಯುವುದೇ ಬೇರೆ ಬೇರೆ. 2016ರ ಸ್ವಚ್ಛ ಸರ್ವೇಕ್ಷಣೆಯ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದಿತ್ತಾದರೂ, ಹೂಡಿಕೆಯ ಶ್ರೇಯಾಂಕ ಸಿದ್ಧಪಡಿಸುವವರು ನುರಿತ ಕೆಲಸಗಾರರು, ಜಮೀನಿನ ಬೆಲೆ, ವಿದ್ಯುತ್ತು, ಸಾರಿಗೆ ಸಂಪರ್ಕ ಇವಕ್ಕೆ ಅಂಕ ಕೊಟ್ಟು, ಒಂದೊಂದಕ್ಕೂ ತಮಗೆ ಸರಿಕಂಡಷ್ಟು ತೂಕ ನೀಡಿ ಕೂಡಿಸುತ್ತಾರೆ. ತೂಕ ಬದಲಾದರೆ ಸ್ಥಾನವೂ ಬದಲಾಗುತ್ತದೆ. ವಿಶ್ವ ಬ್ಯಾಂಕು 2021ರಲ್ಲಿ ಕೈಬಿಟ್ಟ ಸುಲಲಿತ ವ್ಯವಹಾರ ವರದಿಯಂತೂ ಕೊನೆಯ ವರ್ಷಗಳಲ್ಲಿ ಮುಂಬೈ, ದೆಹಲಿಗಳನ್ನಷ್ಟೇ ಅಳೆದು ಇಡೀ ಭಾರತಕ್ಕೆ ಅಂಕ ಕೊಡುತ್ತಿತ್ತು (ನಮ್ಮ ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶ ಅದರಲ್ಲಿ ಕಾಣುವುದೆಲ್ಲಿ!). ಹಾಗೆಂದು ವಿದೇಶಿ ಕಂಪನಿಗಳು ಇತ್ತ ಬಂದೇ ಇಲ್ಲವೆಂದಲ್ಲ: ಪಕ್ಕದ ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಸರ್ಕ್ಯೂಟ್ ಬೋರ್ಡ್‌ಗಳನ್ನು ತಯಾರಿಸುತ್ತದೆ, ನೆಸ್ಲೆಯ ಕಾರ್ಖಾನೆಯೂ ಅಲ್ಲಿದೆ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಬೆಂಗಳೂರು ಹತ್ತಿರವಾಯಿತೇನೋ ಸರಿ, ಆದರೆ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ದೊಡ್ಡ ವಿಮಾನಗಳಿಗೆ ಸಾಲದು. ನನ್ನ ಲೆಕ್ಕದಲ್ಲಿ ನಮಗೆ ಅಂಕ ತಪ್ಪುವುದು ಮುಖ್ಯವಾಗಿ ಅಲ್ಲಿಯೇ.