ಮಾಸ್ಟರ್ ಎಷ್ಟು ದಂಡಿಸಬಹುದು?

ಪ್ರಶ್ನೆ: ನನಗೆ 34 ವರ್ಷ. ಎಂಟು ತಿಂಗಳಿಂದ ಕರಾಟೆ ಕಲಿಯುತ್ತಿದ್ದೇನೆ. ಮಾಸ್ಟರ್ ಒಳ್ಳೆಯವರೇ, ಆದರೆ ತುಂಬಾ ಸ್ಟ್ರಿಕ್ಟು. ಕ್ಲಾಸ್ ಮುಗಿಯುವವರೆಗೂ ನೀರು ಕುಡಿಯುವಂತಿಲ್ಲ. ತಡವಾಗಿ ಬಂದರೆ ಇನ್ನೂರು ಬಸ್ಕಿ. ಮೂರು ವಾರದ ಹಿಂದೆ ಸ್ಪ್ಲಿಟ್ (ಎರಡೂ ಕಾಲು ಅಗಲಿಸಿ ನೆಲಕ್ಕಿಳಿಯುವುದು) ಮಾಡಿಸುವಾಗ ಬೆನ್ನ ಮೇಲೆ ಒತ್ತಿದರು, ಎಡ ತೊಡೆಸಂದಿಯಲ್ಲಿ ಚುಳುಕ್ ಅಂತು. ಈಗಲೂ ಮೆಟ್ಟಿಲು ಹತ್ತುವಾಗ ನೋವು. ಹೇಳಿಕೊಂಡರೆ 'ನೋವಿಲ್ಲದೆ ವಿದ್ಯೆ ಬರಲ್ಲ' ಅನ್ನುತ್ತಾರೆ. ನನಗೇ ತಾಕತ್ತು ಸಾಲದಾ, ಅವರು ಜಾಸ್ತಿ ಮಾಡುತ್ತಿದ್ದಾರಾ?

ಉತ್ತರ: ಮೊದಲು ಆ ತೊಡೆ. ಕಸರತ್ತಿನ ಮೈಕೈ ನೋವು ಒಂದರಿಂದ ಮೂರು ದಿನದೊಳಗೆ ಏರಿ, ಸಾಮಾನ್ಯವಾಗಿ ವಾರದೊಳಗೆ ಇಳಿದುಬಿಡುತ್ತದೆ, ಅದೂ ಎರಡೂ ಕಾಲಿಗೆ ಹೆಚ್ಚುಕಡಿಮೆ ಸಮನಾಗಿ ಇರುತ್ತದೆ. ನಿಮ್ಮದು ಒಂದೇ ಜಾಗದಲ್ಲಿ, ಚುಳುಕ್ ಅಂದ ಗಳಿಗೆಯಿಂದ ಶುರುವಾಗಿ ಮೂರು ವಾರವಾದರೂ ಕೂತಿದೆ. ಇದು ಪೆಟ್ಟು. ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಅಲ್ಲಿಯವರೆಗೆ ಸ್ಪ್ಲಿಟ್ಟೂ ಬೇಡ, ಎತ್ತರದ ಕಿಕ್ಕೂ ಬೇಡ.

ಇನ್ನು ತಾಕತ್ತು. ನಾನೂ ಕಲಿಸುವವನೇ, ಹಾಗಾಗಿ ನಿಮ್ಮ ಮಾಸ್ಟರ್ ಪರವಾಗಿ ಒಂದು ಮಾತು: ಮೈ ದಂಡಿಸದೆ ಈ ವಿದ್ಯೆ ಬರುವುದಿಲ್ಲ. ಕಿಬಾ ದಾಚಿಯಲ್ಲಿ ಯಾರನ್ನಾದರೂ ನಿಲ್ಲಿಸಿ ನೋಡಿ, ಕುದುರೆ ಮೇಲೆ ಕೂತ ಹಾಗೆ. ಸ್ವಲ್ಪ ಹೊತ್ತಿಗೆ ತೊಡೆ ಉರಿಯುತ್ತದೆ, ಆಮೇಲೆ ನಡುಗುತ್ತದೆ, ಆಮೇಲೆ ಸೊಂಟ ಯಾರಿಗೂ ಗೊತ್ತಾಗದ ಹಾಗೆ ಮೆಲ್ಲಗೆ ಮೇಲೇಳುತ್ತದೆ, ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಆಗ ನಾನು 'ಇನ್ನು ಹತ್ತು ಎಣಿಸಿ' ಅನ್ನುತ್ತೇನೆ. ಕಲಿಯುವುದೆಲ್ಲ ಆ ಹತ್ತರಲ್ಲೇ ಇದೆ. ಆದರೆ ಅದೇ ಹೊತ್ತಿಗೆ ಮಂಡಿ ಒಳಕ್ಕೆ ವಾಲತೊಡಗಿದರೆ ಎಣಿಕೆ ಬಂದ್. ಅಲ್ಲಿಂದಾಚೆ ಅಭ್ಯಾಸವಾಗುವುದು ತಪ್ಪು ನಿಲುವು ಮಾತ್ರ.

ನಾನು ಇಟ್ಟುಕೊಂಡಿರುವ ಗೆರೆ ಇಷ್ಟೇ. ಉಸಿರು, ಸ್ನಾಯು ದಣಿಯಲಿ. ಕೀಲು, ತಲೆ ಇವೆರಡನ್ನು ಪರೀಕ್ಷೆ ಮಾಡಬಾರದು. ತಲೆಗೆ ಏಟು ಬಿದ್ದು ತಲೆ ಸುತ್ತಿದರೆ ಅವತ್ತಿನ ಕ್ಲಾಸ್ ಮುಗಿಯಿತು, ಅದರಲ್ಲಿ ಚೌಕಾಸಿ ಇಲ್ಲ.

ಸ್ನಾಯುವಿಗೂ ಮಿತಿ ಇದೆ ಅನ್ನಿ. ರೂಢಿಯಿಲ್ಲದವರಿಂದ ಒಂದೇ ಸಲ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಬೀಳಬಹುದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನಬಾರದು. ನೀರು ಕೊಡದೆ ಬಸ್ಕಿ ಹೊಡೆಸಿದರೆ ಈ ಅಪಾಯ ಇನ್ನೂ ಜಾಸ್ತಿ. ನೀರು ಬಿಟ್ಟರೆ ಗಟ್ಟಿಯಾಗುತ್ತೇವೆ ಅನ್ನುವುದು ಹಳೇ ನಂಬಿಕೆ, ಅಷ್ಟೇ. ದಪ್ಪ ಬಟ್ಟೆಯ ಯೂನಿಫಾರ್ಮ್ ಒಳಗೆ ಬೆವರು ಆರದೆ ಮೈ ಕಾಯುತ್ತಿರುತ್ತದೆ, ಅಂಥದ್ದರಲ್ಲಿ ನೀರೂ ಇಲ್ಲ ಅಂದರೆ ಹೇಗೆ?

ಬೆನ್ನು ಒತ್ತುವ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಾನೂ ಒತ್ತಿದವನೇ. ನನ್ನ ಮಾಸ್ಟರ್ ನನಗೆ ಒತ್ತಿದ್ದರು, ನಾನು ನನ್ನ ಹುಡುಗರಿಗೆ ಒತ್ತಿದೆ. ಒಬ್ಬ ಹುಡುಗ ಬರುವುದು ನಿಲ್ಲಿಸಿದ, ಸೋಮಾರಿ ಅಂದುಕೊಂಡು ಸುಮ್ಮನಾದೆ. ತಿಂಗಳಾದ ಮೇಲೆ ಎದುರಿಗೆ ಸಿಕ್ಕಾಗ ಕುಂಟುತ್ತಿದ್ದ. ಸ್ನಾಯುವನ್ನು ಗಬಕ್ಕನೆ ಎಳೆದರೆ ಅದು ತಾನಾಗಿ ಬಿಗಿದುಕೊಳ್ಳುತ್ತದೆ. ಎಲ್ಲಿ ಬಿಗಿಯಿತು ಅನ್ನುವುದು ಕೆಳಗೆ ಕೂತವನಿಗೆ ಗೊತ್ತಾಗುತ್ತದೆಯೇ ಹೊರತು ಮೇಲಿಂದ ಒತ್ತುವವನ ಅಂಗೈಗೆ ಗೊತ್ತಾಗುವುದಿಲ್ಲ. ಈಗ ಯಾರ ಬೆನ್ನನ್ನೂ ಮುಟ್ಟುವುದಿಲ್ಲ. ಮೈ ಬೆಚ್ಚಗಾದ ಮೇಲೆ ಅವರೇ ಇಳಿಯುತ್ತಾರೆ, ಅವರೇ ಏಳುತ್ತಾರೆ.

ಜೂಡೋದವರು ಇದರಲ್ಲಿ ಜಾಣರು. ಜಿಗೊರೊ ಕಾನೊ 1882ರಲ್ಲಿ ಶುರು ಮಾಡಿದ ವಿದ್ಯೆ ಅದು. ಕತ್ತು ಬಿಗಿಯುವ, ಮೊಣಕೈ ತಿರುಚುವ ಪಟ್ಟುಗಳೆಲ್ಲ ಇದ್ದರೂ, ಸಿಕ್ಕಿಬಿದ್ದವನು ಕೈಯಿಂದ ಎರಡು ಸಲ ತಟ್ಟಿದರೆ ಎದುರಿನವನು ಆ ಕ್ಷಣ ಬಿಡಲೇಬೇಕು. ಪ್ರಾಕ್ಟೀಸಿನಲ್ಲಿ ತಟ್ಟಿದವನನ್ನು ಯಾರೂ ಹೇಡಿ ಅನ್ನುವುದಿಲ್ಲ. ತಟ್ಟಿದರೆ ಬಿಡುತ್ತಾರೆ ಅನ್ನುವ ನಂಬಿಕೆ ಇರುವುದರಿಂದಲೇ ಇಬ್ಬರೂ ಪೂರ್ತಿ ಬಲ ಹಾಕಿ ಸೆಣಸುತ್ತಾರೆ. ನಿಮ್ಮ ಕ್ಲಾಸಿನ ಸ್ಪ್ಲಿಟ್ಟಿಗೆ, ಬಸ್ಕಿಗೆ ಅಂಥ ತಟ್ಟುವಿಕೆ ಇಲ್ಲ, ಅಲ್ವಾ? ಹಾಗಾಗಿ ಬಾಯಲ್ಲೇ ಹೇಳಬೇಕು.

ಹೇಳುವುದು ಕ್ಲಾಸಿಗೆ ಮುಂಚೆ, ಒಬ್ಬರೇ ಸಿಕ್ಕಾಗ. ಎಲ್ಲರೆದುರು ಹೇಳಿದರೆ ಅವರಿಗೂ ಹಿಂದೆ ಸರಿಯಲು ಆಗುವುದಿಲ್ಲ. 'ಸರ್, ಗಾಯ ಆಗಿದೆ. ಡಾಕ್ಟರ್ ಸರಿ ಅನ್ನುವವರೆಗೆ ಸ್ಪ್ಲಿಟ್ ಮಾಡಲ್ಲ. ಆಮೇಲೂ ನಾನೇ ಇಳೀತೀನಿ, ಒತ್ತಬೇಡಿ. ಈಗ ಕೈ ಕೆಲಸ ಕೊಡಿ, ಎಷ್ಟು ಬೇಕಾದರೂ ಮಾಡ್ತೀನಿ' ಅನ್ನಿ. ನೀರಿನ ಬಾಟಲಿಯನ್ನೂ ಕೇಳಿಯೇ ಇಟ್ಟುಕೊಳ್ಳಿ. ಅವರು ಗೊಣಗಬಹುದು, ಗೊಣಗಲಿ. ಗೊಣಗುತ್ತಲೇ ಪಂಚ್, ಬ್ಲಾಕ್ ಮಾಡಿಸಿ ಬೆವರಿಳಿಸಿದರೆ ಅಲ್ಲೇ ಇರಿ, ಒಳ್ಳೆಯ ಮಾಸ್ಟರ್ ಸುಲಭಕ್ಕೆ ಸಿಗುವುದಿಲ್ಲ. ಎಲ್ಲರ ಮುಂದೆ ನಿಮ್ಮನ್ನು ಆಡಿಕೊಂಡರೆ, ಅಥವಾ ಇನ್ನೊಮ್ಮೆ ಬೆನ್ನ ಮೇಲೆ ಕೈಯಿಟ್ಟರೆ, ಬೆಲ್ಟ್ ಟೆಸ್ಟ್ ಎಷ್ಟೇ ಹತ್ತಿರವಿದ್ದರೂ ಬೇರೆ ಕಡೆ ಸೇರಿಕೊಳ್ಳಿ.