ದುಡ್ಡು ಕೊಟ್ಟ ಆಲ್ಬಮ್ ಪೂರ್ತಿ ಇಳಿಯಲಿಲ್ಲ, ಮತ್ತೆ ಕೊಳ್ಳಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಮ್ಮನಿಗಾಗಿ 650 ರೂಪಾಯಿ ಕೊಟ್ಟು ಒಂದು ಗಾಯನದ ಆಲ್ಬಮ್ ಕೊಂಡಿದ್ದೀರಿ. ಹಾಡುಗಳನ್ನೆಲ್ಲ ಒಂದೇ ಕಟ್ಟು ಮಾಡಿಟ್ಟ ಜಿಪ್ ಫೈಲ್ ಮುಕ್ಕಾಲು ಇಳಿದು ನಿಂತಿತು. ಮತ್ತೆ ಮತ್ತೆ ಒತ್ತಿದ್ದಕ್ಕೆ 'ಡೌನ್‌ಲೋಡ್ ಮಿತಿ ಮುಗಿದಿದೆ' ಎಂದು ಬಂತು. ಬಿಡಿಯಾಗಿ ಇಳಿಸಿಕೊಂಡ ನಾಲ್ಕು ಹಾಡು ಫೋನಿನಲ್ಲಿ ಕೇಳಿಸುತ್ತವೆ, ಕಾರಿನಲ್ಲಿ ಇಲ್ಲ. ಮತ್ತೆ ಕೊಳ್ಳಬೇಕಾ, ಇಲ್ಲ ಕೊಳ್ಳುವುದನ್ನೇ ಬಿಟ್ಟು ಸ್ಟ್ರೀಮಿಂಗ್‌ನಲ್ಲೇ ಕೇಳಬೇಕಾ ಎಂದು ಕೇಳಿದ್ದೀರಿ.

ಮತ್ತೆ ಕೊಳ್ಳಬೇಡಿ. ನೀವು ದುಡ್ಡು ಕೊಟ್ಟಿದ್ದು ಹಾಡಿಗೆ, ಆ ಲಿಂಕಿಗೆ ಅಲ್ಲ. ಲಿಂಕ್ ಕೆಟ್ಟರೆ ಇನ್ನೊಂದು ಲಿಂಕ್ ಕೊಡಬೇಕಾದದ್ದು ಅಂಗಡಿಯವರ ಕೆಲಸ. ಇಂತಿಷ್ಟೇ ಸಲ ಇಳಿಸಬಹುದು ಎಂದು ಮಿತಿ ಇಟ್ಟಿರುವ ಕಡೆ ಅರ್ಧ ಇಳಿದು ನಿಂತದ್ದೂ ಒಂದು ಡೌನ್‌ಲೋಡ್ ಎಂದೇ ಲೆಕ್ಕಕ್ಕೆ ಸೇರಿಬಿಡಬಹುದು. ಮೂರು ಸಲ ತುಂಡಾದರೆ ಮೂರೂ ಖರ್ಚಾದ ಹಾಗೆ. ನಿಮಗೂ ಹೀಗೇ ಆದಂತಿದೆ. ಆ ಎಣಿಕೆಯನ್ನು ಅವರು ಸೊನ್ನೆ ಮಾಡಿಕೊಡಬಹುದು, ಕೇಳಬೇಕು ಅಷ್ಟೇ.

ಕೇಳುವ ಮುಂಚೆ ತಪ್ಪು ಯಾರ ಕಡೆ ಇದೆ ಎಂದು ಗೊತ್ತುಮಾಡಿಕೊಳ್ಳಿ. ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ ಆದ ಒಂದು ಸಂಗತಿಯಿಂದ.

ನಮ್ಮೂರು ಶಿರಸಿ ಕಡೆಯ ಒಂದು ಹಳ್ಳಿ. ಮಳೆಗಾಲದಲ್ಲಿ ಕರೆಂಟು ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಮೂರು ದಿನ ಎರಡೂ ಇರುವುದಿಲ್ಲ. ಅಪ್ಪಯ್ಯನಿಗೆ ಸಂಜೆ ಅಡಿಕೆ ಸುಲಿಯುವಾಗ ಹಿಂದೂಸ್ತಾನಿ ಗಾಯನ ಬೇಕೇ ಬೇಕು. ಅಲ್ಲಿ ಸ್ಟ್ರೀಮಿಂಗ್ ನಡೆಯುವುದಿಲ್ಲ. ಹಾಗಾಗಿ ನಾನು ಬೆಂಗಳೂರಿನಲ್ಲಿ ಕೊಂಡು, ಪೆನ್‌ಡ್ರೈವ್‌ಗೆ ಹಾಕಿ, ಊರಿಗೆ ಹೋಗುವಾಗ ಒಯ್ಯುತ್ತೇನೆ. ಬ್ಯಾಟರಿಯ ಸ್ಪೀಕರ್‌ಗೆ ಸಿಕ್ಕಿಸಿದರೆ ಆಯಿತು.

ಒಂದು ಸಲ ಹೀಗೆ ಕೊಂಡ ಆಲ್ಬಮ್‌ನಲ್ಲಿ ಒಂದು ರಾಗ 52 ನಿಮಿಷದ್ದಿತ್ತು. ಜಿಪ್ ಸರಿಯಾಗಿ ಬಿಚ್ಚಿಕೊಂಡಿತು. ಪ್ಲೇಯರ್ ಕೂಡ 52 ನಿಮಿಷ ಎಂದೇ ತೋರಿಸಿತು. ಮೊದಲ ಐದು ನಿಮಿಷ ಕೇಳಿ, ಚೆನ್ನಾಗಿದೆ ಎಂದು ಕಳಿಸಿಬಿಟ್ಟೆ. ಎರಡು ತಿಂಗಳಾದ ಮೇಲೆ ಅಪ್ಪಯ್ಯ ಫೋನಿನಲ್ಲಿ, ವಿಲಂಬಿತ್ (ನಿಧಾನ ಲಯದ ಭಾಗ) ನಡುವೆಯೇ ನಿಂತುಹೋಗುತ್ತದೆ, ದ್ರುತ್ (ವೇಗದ ಭಾಗ) ಬರುವುದೇ ಇಲ್ಲ ಎಂದರು. ಅಷ್ಟು ದಿನ ಅವರು ಏನೂ ಹೇಳಿರಲಿಲ್ಲ. ರೆಕಾರ್ಡಿಂಗೇ ಹಾಗಿರಬೇಕು ಎಂದುಕೊಂಡಿದ್ದರಂತೆ. ನನಗೆ ನಿಜಕ್ಕೂ ಬೇಸರವಾಯಿತು. ನೋಡಿದರೆ ಹಾಡು 31ನೇ ನಿಮಿಷಕ್ಕೆ ನಿಲ್ಲುತ್ತಿತ್ತು.

ಅದು ಫ್ಲ್ಯಾಕ್ ಫೈಲ್, ಅಂದರೆ ಎಂಪಿ3ಯಂತೆ ಗುಣಮಟ್ಟ ಕಳೆಯದೆ ಹಾಡನ್ನು ಇಡುವ ಬಗೆಯದ್ದು. ಒಟ್ಟು ಎಷ್ಟು ಉದ್ದ ಎಂಬ ವಿವರವನ್ನು ಫ್ಲ್ಯಾಕ್ ತನ್ನ ಶುರುವಿನಲ್ಲೇ ಬರೆದುಕೊಂಡಿರುತ್ತದೆ. ಬಾಲ ತುಂಡಾಗಿದ್ದರೂ ಪ್ಲೇಯರ್ ಆ ಬರಹವನ್ನು ನೋಡಿ ಪೂರ್ತಿ ಸಮಯ ತೋರಿಸುತ್ತದೆ. ಜಿಪ್ ಕೂಡ ತನ್ನೊಳಗೆ ಇಟ್ಟದ್ದು ಹಾಗೇ ಬಂದಿದೆಯಾ ಎಂದು ಮಾತ್ರ ನೋಡುತ್ತದೆ. ಇಡುವಾಗಲೇ ತುಂಡಾಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಆಗ ನಾನು ಮಾಡಿದ್ದು ಇಷ್ಟು. ಅದೇ ಫೈಲನ್ನು ಬೇರೆ ನೆಟ್‌ನಲ್ಲಿ, ಬೇರೆ ಕಂಪ್ಯೂಟರಿಗೆ ಮತ್ತೊಮ್ಮೆ ಇಳಿಸಿದೆ. ಎರಡರ ಸೈಜನ್ನೂ ಬೈಟ್‌ಗಳಲ್ಲಿ ಹೋಲಿಸಿದೆ. ಒಂದಂಕಿಯೂ ವ್ಯತ್ಯಾಸವಿಲ್ಲ. ಅಂದರೆ ನನ್ನ ಕಡೆ ತುಂಡಾದದ್ದಲ್ಲ, ಅವರ ಸರ್ವರಿನಲ್ಲಿರುವುದೇ ತುಂಡು. ಎರಡು ಸಲಕ್ಕೆ ಎರಡು ಸೈಜ್ ಬಂದಿದ್ದರೆ ತೊಂದರೆ ದಾರಿಯಲ್ಲಿದೆ ಎಂದಾಗುತ್ತಿತ್ತು, ಅಂದರೆ ನೆಟ್, ಬ್ರೌಸರ್ ಅಥವಾ ಫೋನು. ಇದನ್ನೇ ಮೇಲ್‌ನಲ್ಲಿ ಬರೆದೆ. ಎರಡು ದಿನದಲ್ಲಿ ಸರಿಯಾದ ಫೈಲ್ ಬಂತು. ನನಗಿಂತ ಮುಂಚೆ ಅದನ್ನು ಕೊಂಡವರು ಯಾರೂ ಹೇಳಿರಲಿಲ್ಲವಂತೆ. ಅಪ್ಪಯ್ಯ ಈಗ ದ್ರುತ್ ಕೇಳುತ್ತಾರೆ.

ಅಂದಿನಿಂದ ಕೊಂಡ ದಿನವೇ ಎಲ್ಲಾ ಹಾಡಿನ ಕೊನೆಯ ಅರ್ಧ ನಿಮಿಷ ಕೇಳುತ್ತೇನೆ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಎಂಪಿ3 ಆದರೆ ಸೈಜ್ ನೋಡಿಯೂ ಹೇಳಬಹುದು. 320 ಕೆಬಿಪಿಎಸ್‌ನದ್ದು (ಎಂಪಿ3ಯಲ್ಲಿ ಮೇಲಿನ ಗುಣಮಟ್ಟ) ನಿಮಿಷಕ್ಕೆ 2.4 ಎಂಬಿ ಆಗುತ್ತದೆ. ಹತ್ತು ನಿಮಿಷದ ಹಾಡು 24 ಎಂಬಿ ಹತ್ತಿರ ಇರಬೇಕು. 14 ಎಂಬಿ ಇದ್ದರೆ ಏನೋ ಕಡಿಮೆಯಾಗಿದೆ, ಇಲ್ಲವೇ ಕಡಿಮೆ ಗುಣಮಟ್ಟದ್ದು ಕೊಟ್ಟಿದ್ದಾರೆ.

ನಿಮ್ಮ ಜಿಪ್ ವಿಷಯಕ್ಕೆ ಬರುತ್ತೇನೆ. ಹೊಸ ಲಿಂಕ್ ಸಿಕ್ಕಿದ ಮೇಲೆ ಫೋನಿನಲ್ಲಿ ಒತ್ತಬೇಡಿ. ಪರದೆ ಆರಿದಾಗ ಕೆಲವು ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿಬಿಡುತ್ತವೆ. ವೈಫೈನಿಂದ ಮೊಬೈಲ್ ಡೇಟಾಗೆ ಜಿಗಿದಾಗಲೂ ತುಂಡಾಗುತ್ತದೆ. ಲ್ಯಾಪ್‌ಟಾಪಿನಲ್ಲಿ, ಜಾಗ ಸಾಕಷ್ಟಿದೆಯಾ ನೋಡಿಕೊಂಡು ಇಳಿಸಿ. ಜಿಪ್‌ಗೂ ಬಿಚ್ಚಿದ ಹಾಡುಗಳಿಗೂ ಸೇರಿ ಎರಡರಷ್ಟು ಜಾಗ ಬೇಕು. ಕ್ರೋಮ್‌ನಲ್ಲಿ ಫೈಲಿನ ಹೆಸರು '.ಸಿಆರ್‌ಡೌನ್‌ಲೋಡ್' ಎಂದು ಮುಗಿದಿದ್ದರೆ ಇನ್ನೂ ಪೂರ್ತಿ ಬಂದಿಲ್ಲ ಎಂದರ್ಥ. ಹೆಸರು ಬದಲಿಸಿ ತೆರೆಯಲು ನೋಡಬೇಡಿ. ನಡುವೆ ನಿಂತರೆ ಹೊಸದಾಗಿ ಒತ್ತುವ ಮುಂಚೆ ಡೌನ್‌ಲೋಡ್ ಪಟ್ಟಿಗೆ ಹೋಗಿ 'ರೆಸ್ಯೂಮ್' ಇದೆಯಾ ನೋಡಿ. ಬಿಡಿ ಹಾಡು ಇಳಿಸುವ ಅವಕಾಶ ಇದ್ದರೆ ಅದೇ ಒಳ್ಳೆಯದು. ಒಂದು ಕೆಟ್ಟರೆ ಒಂದೇ ಕೆಡುತ್ತದೆ.

ಪೂರ್ತಿ ಇಳಿದೂ ಬಿಚ್ಚಿಕೊಳ್ಳದಿದ್ದರೆ ವಿಂಡೋಸ್‌ನಲ್ಲಿ ಎರಡು ಸಾಮಾನ್ಯ ಕಾರಣ ಇವೆ. ರಾಗ, ತಾಳ, ಗಾಯಕರು, ತಬಲಾ, ಹಾರ್ಮೋನಿಯಂ ಎಲ್ಲವನ್ನೂ ಫೈಲಿನ ಹೆಸರಿನಲ್ಲೇ ಬರೆದಿರುತ್ತಾರೆ. ಫೋಲ್ಡರಿನ ಹೆಸರೂ ಸೇರಿ 260 ಅಕ್ಷರ ದಾಟಿದರೆ ವಿಂಡೋಸ್ ಬೇಡ ಎನ್ನುತ್ತದೆ. ಜಿಪ್ಪನ್ನು ನೇರ ಡಿ ಡ್ರೈವ್‌ಗೆ ತಂದು ಬಿಚ್ಚಿ. ಇನ್ನೊಂದು, ಕನ್ನಡದ ಹೆಸರುಗಳು ಕೆಲವು ಸಲ ಕಲಸುಮೇಲೋಗರವಾಗಿ ಬರುತ್ತವೆ. 7-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಬಿಚ್ಚಿ ನೋಡಿ, ಬಹಳಷ್ಟು ಸಲ ಸರಿಹೋಗುತ್ತದೆ.

ಕಾರಿನ ತೊಂದರೆ ಬೇರೆಯೇ. ಫೋನಿನಲ್ಲಿ ಕೊನೆಯವರೆಗೂ ಕೇಳಿಸುತ್ತಿದೆ ಅಂದರೆ ಫೈಲ್ ಕೆಟ್ಟಿಲ್ಲ. ನೀವು ಫ್ಲ್ಯಾಕ್ ಇಳಿಸಿರಬೇಕು. ಹಳೆಯ ಕಾರ್ ಸ್ಟೀರಿಯೋಗಳು ಬಹಳಷ್ಟು ಅದನ್ನು ಓದುವುದಿಲ್ಲ, ಎಂಪಿ3 ಮಾತ್ರ. ಪೆನ್‌ಡ್ರೈವ್ ಎಫ್ಎಟಿ32 ರೀತಿಯಲ್ಲಿ (ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ಕ್ರಮ) ಫಾರ್ಮ್ಯಾಟ್ ಆಗಿರುವುದೂ ಮುಖ್ಯ. ದೊಡ್ಡ ಪೆನ್‌ಡ್ರೈವ್‌ಗಳು ಎಕ್ಸ್‌ಫ್ಯಾಟ್ ಎಂಬ ಹೊಸ ಕ್ರಮದಲ್ಲಿ ಬರುವುದುಂಟು, ಕೆಲವು ಕಾರುಗಳಿಗೆ ಅವು ಕಾಣಿಸುವುದೇ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಹಾಡಿನ ಹೆಸರಿನ ಜಾಗದಲ್ಲಿ ಬರೀ ಚೌಕ ಕಂಡರೆ ಗಾಬರಿ ಬೇಡ. ಆ ಸ್ಟೀರಿಯೋದಲ್ಲಿ ಕನ್ನಡ ಅಕ್ಷರ ಇಲ್ಲ ಅಷ್ಟೇ.

ಇನ್ನೊಂದು ಮಾತು, ಶಾಸ್ತ್ರೀಯ ಸಂಗೀತ ಕೇಳುವವರಿಗಾಗಿ. ಆಲಾಪ, ಬಂದಿಶ್ ಎಂದು ಒಂದೇ ರಾಗವನ್ನು ತುಂಡು ಮಾಡಿ ಮಾರುತ್ತಾರಲ್ಲ, ಎಂಪಿ3ಯಲ್ಲಿ ಆ ಸೇರುವ ಜಾಗದಲ್ಲಿ ಕ್ಷಣ ಹೊತ್ತು ಮೌನ ಕೇಳಿಸಬಹುದು. ತಂಬೂರಿ ಕಡಿದ ಹಾಗಾಗುತ್ತದೆ. ಇದು ಡೌನ್‌ಲೋಡಿನ ದೋಷ ಅಲ್ಲ. ಎಂಪಿ3 ಮಾಡುವಾಗ ಶುರುವಿಗೂ ಕೊನೆಗೂ ಚೂರು ಖಾಲಿ ಸದ್ದು ಸೇರಿಕೊಳ್ಳುತ್ತದೆ, ಎಲ್ಲಾ ಪ್ಲೇಯರ್‌ಗಳು ಅದನ್ನು ತೆಗೆಯುವುದಿಲ್ಲ. ಫ್ಲ್ಯಾಕ್‌ನಲ್ಲಿ ಈ ಖಾಲಿ ಸದ್ದು ಇಲ್ಲ. ಅದಕ್ಕೇ ನಾನು ಫ್ಲ್ಯಾಕ್ ಇಳಿಸಿ ಮನೆಯಲ್ಲಿಟ್ಟು, ಅದರಿಂದ ಎಂಪಿ3 ಮಾಡಿ ಕಾರಿಗೆ ಹಾಕುತ್ತೇನೆ. ಅಮ್ಮನಿಗೆ ಕಿವಿ ಸೂಕ್ಷ್ಮ ಇದ್ದರೆ ನೀವೂ ಹೀಗೇ ಮಾಡಿ.

ದುಡ್ಡಿನ ತೊಂದರೆ ನಿಮಗಾಗಿಲ್ಲ, ಆದರೂ ಹೇಳಿಬಿಡುತ್ತೇನೆ. ಯುಪಿಐನಲ್ಲಿ ದುಡ್ಡು ಕಡಿತವಾಗಿ, ಅಂಗಡಿಗೆ ಪಾವತಿ ಖಚಿತವಾಗದಿದ್ದರೆ ತಕ್ಷಣ ಎರಡನೇ ಸಲ ಕೊಡಬೇಡಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ದೇಶದೊಳಗಿನ ಇಂಥ ಪಾವತಿ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಹೊರದೇಶದ ಸೈಟಿನಲ್ಲಿ ಕಾರ್ಡ್ ನಡೆಯದಿದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಆಗಿದೆಯಾ ನೋಡಿ. ಕೊಂಡಾದ ಮೇಲೆ ಮತ್ತೆ ಆಫ್ ಮಾಡಿ.

ಸ್ಟ್ರೀಮಿಂಗ್ ಸಾಕಲ್ವಾ ಎಂದರೆ, ಹೊಸದನ್ನು ಹುಡುಕಲು ಸಾಕು, ನಾನೂ ಬಳಸುತ್ತೇನೆ. ಆದರೆ ಅಮ್ಮನಿಗೆ ಪ್ರೀತಿಯ ಹಾಡು ನಾಳೆಯೂ ಅಲ್ಲಿರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಕೊಳ್ಳುವ ಅಂಗಡಿಯೂ ಶಾಶ್ವತ ಅಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಎಂಪಿ3 ಅಂಗಡಿ ತೆರೆದಿತ್ತು. 2013ರ ಜೂನ್‌ನಲ್ಲಿ ಮುಚ್ಚಿತು. ಅಲ್ಲಿ ಕೊಂಡು ಇಳಿಸಿಟ್ಟುಕೊಂಡವರ ಹತ್ತಿರ ಆ ಹಾಡುಗಳು ಇಂದಿಗೂ ನಡೆಯುತ್ತವೆ, ಏಕೆಂದರೆ ಅವು ನಕಲು ತಡೆಯುವ ಬೀಗ ಹಾಕದ ಬರೀ ಎಂಪಿ3 ಫೈಲುಗಳು. ಖಾತೆಯಲ್ಲೇ ಇರಲಿ, ಬೇಕಾದಾಗ ಇಳಿಸೋಣ ಎಂದು ಬಿಟ್ಟಿದ್ದರೆ ಈಗ ಆ ಖಾತೆಯೇ ಇಲ್ಲ. ಹಾಗಾಗಿ ನಿಮ್ಮ ಆಲ್ಬಮ್ ಸರಿಯಾಗಿ ಬಂದ ಕೂಡಲೇ ಎರಡು ಕಡೆ ಇಟ್ಟುಕೊಳ್ಳಿ. ಒಂದು ಲ್ಯಾಪ್‌ಟಾಪ್, ಇನ್ನೊಂದು ಹೊರಗಿನ ಹಾರ್ಡ್‌ಡಿಸ್ಕ್.

ಇವತ್ತೇ ಅವರಿಗೆ ಮೇಲ್ ಬರೆಯಿರಿ. ಆರ್ಡರ್ ನಂಬರ್, ಕೊಂಡ ದಿನ, ಕೊಳ್ಳುವಾಗ ಕೊಟ್ಟ ಇಮೇಲ್ ವಿಳಾಸ, 'ಮಿತಿ ಮುಗಿದಿದೆ' ಎಂಬ ಪರದೆಯ ಫೋಟೊ, ಇಳಿದು ನಿಂತ ಫೈಲಿನ ಸೈಜ್, ಯಾವ ಸಾಧನದಲ್ಲಿ ಇಳಿಸಿದಿರಿ, ಇವಿಷ್ಟು ಇರಲಿ. ಡೌನ್‌ಲೋಡ್ ಎಣಿಕೆ ಸೊನ್ನೆ ಮಾಡಿಕೊಡಿ, ಕಾರಿಗಾಗಿ ಎಂಪಿ3 ಕೂಡ ಬೇಕು ಎಂದು ನೇರವಾಗಿ ಕೇಳಿ. ಸಿಟ್ಟಿನ ಮಾತು ಬೇಡ. ಇಂಥ ಆಲ್ಬಮ್ ಮಾರುವವರಲ್ಲಿ ಎಷ್ಟೋ ಜನ ಸಂಗೀತದ ಮೇಲಿನ ಪ್ರೀತಿಗೆ ಒಬ್ಬಿಬ್ಬರೇ ಕೂತು ನಡೆಸುವವರು. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಇಲ್ಲೇ ಕೆಳಗೆ ಬರೆಯಿರಿ. ಎರಡು ಸಲ ಇಳಿಸಿದ ಫೈಲಿನ ಸೈಜ್ ಹಾಕಿದರೆ, ಮುಂದೇನು ಮಾಡಬೇಕೆಂದು ನೋಡಿ ಹೇಳುತ್ತೇನೆ.